ಕೌಟುಂಬಿಕ ಹಿಂಸೆಯಲ್ಲಿ ಗಾಯಗೊಂಡ ಮಹಿಳೆಗೆ ತುರ್ತು ಶುಶ್ರೂಷೆ: ಗ್ರಾಮ ಪಂಚಾಯತಿ ಸದಸ್ಯರು ಅರಿತಿರಬೇಕಾದ ಸಂಗತಿಗಳು

(ಲೇಖಕರು: ಗ್ರಾಮ ಪಂಚಾಯತಿಯೊಂದರ ಪಂಚಾಯತಿ ಅಭಿವೃದ್ಧಿ ಅಧಿಕಾರಿ)



ಮನೆಯಲ್ಲಿ ಏಟು ತಿಂದ ಹೆಣ್ಣುಮಗಳೊಬ್ಬಳು ರಾತ್ರಿ ಹತ್ತು ಗಂಟೆಗೆ ತಮ್ಮ ಬಾಗಿಲು ತಟ್ಟಿದರೆ ತಾವು ಮೊದಲು ಏನು ಮಾಡುವಿರಿ? ನಮ್ಮ ಪಂಚಾಯತಿಯ ಸಾಮಾನ್ಯ ಸಭೆಯೊಂದರಲ್ಲಿ ಈ ಪ್ರಶ್ನೆಯನ್ನು ಮುಂದಿಟ್ಟಿದ್ದೆ. ಗಂಡನನ್ನು ಕರೆಸಿ ಬುದ್ಧಿ ಹೇಳುತ್ತೇವೆ ಎಂದರು ಕೆಲವರು. ಹಿರಿಯರನ್ನು ಕೂಡಿಸುತ್ತೇವೆ, ತವರಿನವರಿಗೆ ಫೋನ್ ಮಾಡುತ್ತೇವೆ ಎಂದರು ಇನ್ನು ಕೆಲವರು. ಇಬ್ಬರು ಪೊಲೀಸ್ ಠಾಣೆಯ ಮಾತೆತ್ತಿದರು. "ಮೊದಲು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ, ಉಳಿದದ್ದು ಆಮೇಲೆ" ಎಂದವರು ಒಬ್ಬ ಸದಸ್ಯೆ ಮಾತ್ರ. ಸರಿಯಾದ ಉತ್ತರ ಅವರದು. ಅದು ಏಕೆ ಸರಿ, ಆಸ್ಪತ್ರೆಯಲ್ಲಿ ಶುಶ್ರೂಷಕಿಯರು ಆ ಮೊದಲ ಗಂಟೆಗಳಲ್ಲಿ ಮಾಡುವ ಕೆಲಸವೇನು, ಆ ಕೆಲಸಕ್ಕೆ ನಾವು ಹೇಗೆ ನೆರವಾಗಬಹುದು ಅಥವಾ ಅರಿಯದೆ ಹೇಗೆ ಅಡ್ಡಿಯಾಗುತ್ತೇವೆ ಎಂಬುದನ್ನು ತಿಳಿಸುವುದು ಈ ಲೇಖನದ ಉದ್ದೇಶ.

ನಾನು ಓದಿದ್ದು ಇಂಜಿನಿಯರಿಂಗ್; ವೈದ್ಯಕೀಯವಲ್ಲ. ಆದರೂ ಈ ವಿಷಯವನ್ನು ತಿಳಿದುಕೊಳ್ಳಲೇಬೇಕಾದ ಸಂದರ್ಭವೊಂದು ನನಗೆ ಒದಗಿತು.

ಸೇವೆಗೆ ಸೇರಿದ ಎರಡನೆಯ ವರ್ಷ. ನರೇಗಾ ಕೂಲಿ ಖಾತೆಗೆ ಜಮೆಯಾಗಿಲ್ಲವೆಂದು ವಿಚಾರಿಸಲು ಸುಮಾರು ಮೂವತ್ತರ ಹರೆಯದ ಮಹಿಳೆಯೊಬ್ಬರು ಕಚೇರಿಗೆ ಬಂದಿದ್ದರು. ಏಪ್ರಿಲ್ ತಿಂಗಳ ಬಿಸಿಲಿನಲ್ಲಿಯೂ ಸೆರಗನ್ನು ಕುತ್ತಿಗೆಗೆ ಬಿಗಿಯಾಗಿ ಸುತ್ತಿಕೊಂಡಿದ್ದರು. ದನಿ ಒಡೆದುಹೋಗಿತ್ತು. ನೆಗಡಿಯೇ ಎಂದು ಕೇಳಿದೆ, ಹೌದೆಂದು ತಲೆಯಾಡಿಸಿದರು. ಖಾತೆಯ ಸಂಖ್ಯೆ ಸರಿಪಡಿಸಿ ಕಳುಹಿಸಿದೆ. ಹಿಂದಿನ ದಿನವೇ ಹಿರಿಯರ ಸಮ್ಮುಖದಲ್ಲಿ ಅವರ ಗಂಡನಿಂದ ಮುಚ್ಚಳಿಕೆ ಬರೆಸಿಕೊಳ್ಳಲಾಗಿತ್ತೆಂಬುದು, ಅದರ ಪ್ರತಿ ನಮ್ಮ ಕಚೇರಿಯ ಕಡತದಲ್ಲಿಯೇ ಇತ್ತೆಂಬುದು ನನಗೆ ತಿಳಿದದ್ದು ತಡವಾಗಿ. ಮೂರನೆಯ ದಿನ ಬೆಳಿಗ್ಗೆ ಅವರ ಬಲಗೈ, ಬಲಗಾಲು ಸ್ವಾಧೀನ ತಪ್ಪಿದವು. ಲಕ್ವ ಹೊಡೆದಿದೆಯೆಂದು ಮನೆಯವರು ಎಣ್ಣೆ ತಿಕ್ಕಿಸಲು ಕರೆದೊಯ್ದು, ಸಂಜೆಯ ಹೊತ್ತಿಗೆ ಆಸ್ಪತ್ರೆಗೆ ತಂದರು. ರಾತ್ರಿ ಪಾಳಿಯ ಶುಶ್ರೂಷಕಿಯೊಬ್ಬರು ಜೊತೆಗಿದ್ದವರನ್ನೆಲ್ಲ ಹೊರಗೆ ಕಳುಹಿಸಿ, ಸೆರಗು ಸರಿಸಿ ನೋಡಿ, ಒಂದು ಪ್ರಶ್ನೆ ಕೇಳಿದರು. ಆಗ ಸಂಗತಿ ಹೊರಬಿತ್ತು. ಗಂಡ ಕುತ್ತಿಗೆ ಹಿಸುಕಿದ್ದ. ಒತ್ತಡಕ್ಕೆ ಕುತ್ತಿಗೆಯ ರಕ್ತನಾಳದ ಒಳಪದರ ಹರಿದು, ಅಲ್ಲಿ ಹೆಪ್ಪುಗಟ್ಟಿದ ರಕ್ತ ಮಿದುಳಿಗೆ ಹೋಗಿ ತಡೆಯಾಗಿತ್ತು ಎಂದು ವೈದ್ಯರು ಆಮೇಲೆ ವಿವರಿಸಿದರು. ಆ ಮಹಿಳೆ ಬದುಕುಳಿದಿದ್ದಾರೆ. ಬಲಗೈಯಲ್ಲಿ ಬಿಂದಿಗೆ ಹಿಡಿಯಲಾಗುವುದಿಲ್ಲ.

ಮುಚ್ಚಳಿಕೆಯ ದಿನ ಅವರನ್ನು ಆಸ್ಪತ್ರೆಗೆ ಕಳುಹಿಸಿದ್ದರೆ, ಅಥವಾ ಮರುದಿನ ನನಗೆ ಒಡೆದ ದನಿಯ ಅರ್ಥ ತಿಳಿದಿದ್ದರೆ ಎಂದು ಈಗಲೂ ಅನ್ನಿಸುತ್ತದೆ.

ಇಂತಹ ಪ್ರಕರಣಗಳು ವಿರಳವೆಂದು ಭಾವಿಸುವಂತಿಲ್ಲ. 2019-21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 18ರಿಂದ 49 ವಯಸ್ಸಿನ ವಿವಾಹಿತ ಮಹಿಳೆಯರಲ್ಲಿ ಶೇ. 44.4ರಷ್ಟು ಮಂದಿ ಪತಿಯಿಂದ ಒಂದಲ್ಲ ಒಂದು ಬಗೆಯ ಹಿಂಸೆಯನ್ನು ಅನುಭವಿಸಿದ್ದಾರೆ. ಹಿಂದಿನ ಸಮೀಕ್ಷೆಯಲ್ಲಿ ಈ ಪ್ರಮಾಣ ಶೇ. 20.6 ಇತ್ತು. ಹಿಂಸೆ ಹೆಚ್ಚಿತೋ, ಹೇಳುವ ಧೈರ್ಯ ಹೆಚ್ಚಿತೋ, ಎರಡೂ ಇರಬಹುದು. ಇಡೀ ದೇಶದಲ್ಲಿ ಹಿಂಸೆಗೊಳಗಾದವರ ಪೈಕಿ ನೆರವು ಕೋರಿದವರು ಶೇ. 14 ಮಾತ್ರ, ಶೇ. 77ರಷ್ಟು ಮಂದಿ ಯಾರೊಡನೆಯೂ ಬಾಯಿಬಿಟ್ಟಿಲ್ಲ. ಬಾಯಿಬಿಡದವರೂ ಗಾಯವಾದಾಗ ಆಸ್ಪತ್ರೆಗೆ ಬರುತ್ತಾರೆ, ಬೇರೇನೋ ಕಾರಣ ಹೇಳುತ್ತಾರೆ. ಆದುದರಿಂದ ಈ ಹಿಂಸೆಯನ್ನು ಮೊದಲು ಕಾಣುವ ಸರ್ಕಾರಿ ನೌಕರರು ಬಹಳ ಸಲ ಪೊಲೀಸರಲ್ಲ. ಗಾಯ ತೊಳೆಯುವ ಶುಶ್ರೂಷಕಿಯರು.

ಆಸ್ಪತ್ರೆ ತಲುಪುವ ಮುನ್ನ

ಹೊರಗೆ ಗಾಯ ಕಾಣದಿದ್ದರೂ ತಡಮಾಡಬಾರದ ಸ್ಥಿತಿಗಳಲ್ಲಿ ಕುತ್ತಿಗೆ ಹಿಸುಕಿರುವುದು ಮೊದಲನೆಯದು. ಕುತ್ತಿಗೆಯ ರಕ್ತನಾಳಗಳು ಪೂರ್ಣ ಒತ್ತಲ್ಪಟ್ಟರೆ 10 ಸೆಕೆಂಡುಗಳ ಆಸುಪಾಸಿನಲ್ಲಿ ಪ್ರಜ್ಞೆ ತಪ್ಪುತ್ತದೆ. ಆದರೆ ಚರ್ಮದ ಮೇಲೆ ಗುರುತೇ ಬೀಳದಿರಬಹುದು. ಅಮೆರಿಕದ ಸ್ಯಾನ್ ಡಿಯಾಗೋ ನಗರದಲ್ಲಿ ಇಂತಹ 300 ಪ್ರಕರಣಗಳ ಕಡತಗಳನ್ನು ಪರಿಶೀಲಿಸಿದಾಗ ಅರ್ಧದಷ್ಟರಲ್ಲಿ ಹೊರಗಾಯವೇ ಇರಲಿಲ್ಲ. ಒಡೆದ ದನಿ, ನುಂಗಲು ಕಷ್ಟ, ಕಣ್ಣಿನ ಬಿಳಿಭಾಗದಲ್ಲಿ ಅಥವಾ ರೆಪ್ಪೆಯ ಒಳಗೆ ಸಾಸಿವೆಗಿಂತ ಸಣ್ಣ ಕೆಂಪು ಚುಕ್ಕೆಗಳು, ಘಟನೆಯ ವೇಳೆ ಅರಿವಿಲ್ಲದೆ ಮೂತ್ರ ಹೋಗಿರುವುದು, "ಸ್ವಲ್ಪ ಹೊತ್ತು ಏನಾಯಿತೋ ಗೊತ್ತಿಲ್ಲ" ಎಂಬ ಮಾತು, ಇವುಗಳಲ್ಲಿ ಯಾವುದೊಂದು ಇದ್ದರೂ ಅದೇ ರಾತ್ರಿ ವೈದ್ಯರು ನೋಡಬೇಕು. ಊತ ನಿಧಾನವಾಗಿ ಏರಿ ಉಸಿರಾಟಕ್ಕೆ ತೊಡಕಾಗುವುದು, ರಕ್ತನಾಳದ ತೊಂದರೆ ಹೊರಬರುವುದು ಗಂಟೆಗಳ ಅಥವಾ ದಿನಗಳ ನಂತರವೂ ಆಗಬಹುದು. ಕುತ್ತಿಗೆಗೆ ಎಣ್ಣೆ ತಿಕ್ಕುವುದು, ನೀವುವುದು ಕೂಡದು.

ಸುಟ್ಟ ಗಾಯಕ್ಕೆ ನೀರೇ ಮೊದಲ ಔಷಧ. ಉರಿಯುತ್ತಿರುವವರನ್ನು ನೆಲಕ್ಕೆ ಮಲಗಿಸಿ ಕಂಬಳಿಯಿಂದ ಅಥವಾ ದಪ್ಪ ಹತ್ತಿಬಟ್ಟೆಯಿಂದ ಹೊದಿಸಿ ಬೆಂಕಿ ಆರಿಸಿದ ಮೇಲೆ, ಸುಟ್ಟ ಭಾಗದ ಮೇಲೆ 20 ನಿಮಿಷ ಸಾಮಾನ್ಯ ತಣ್ಣೀರು ಹರಿಯಬಿಡಬೇಕು. ಸುಟ್ಟು ಮೂರು ಗಂಟೆಯೊಳಗೆ ಮಾಡಿದರೂ ಪ್ರಯೋಜನವಿದೆ. ಮೈಯ ಹೆಚ್ಚಿನ ಭಾಗ ಸುಟ್ಟಿದ್ದರೆ ಚಳಿಯೇರದಂತೆ ಉಳಿದ ಭಾಗವನ್ನು ಬೆಚ್ಚಗಿಡಬೇಕು, ನೀರಿಗಾಗಿ ಆಂಬ್ಯುಲೆನ್ಸನ್ನು ಕಾಯಿಸಬಾರದು. ಮಂಜುಗಡ್ಡೆ, ಟೂತ್‌ಪೇಸ್ಟ್, ಶಾಯಿ, ದೋಸೆಹಿಟ್ಟು, ಸಗಣಿ ಯಾವುದನ್ನೂ ಹಚ್ಚಬಾರದು. ಮೈಗೆ ಅಂಟಿದ ನೈಲಾನ್ ಸೀರೆಯನ್ನು ಕೀಳಬಾರದು. ಬಳೆ, ಉಂಗುರ, ಕಾಲುಂಗುರಗಳನ್ನು ಊತ ಬರುವ ಮುನ್ನವೇ ತೆಗೆಯಬೇಕು. ಕುತ್ತಿಗೆ ಸುಟ್ಟಿದ್ದರೆ ತಾಳಿಯನ್ನೂ ತೆಗೆಯಬೇಕಾಗುತ್ತದೆ. ಇಲ್ಲಿ ಮನೆಯವರು ತಡೆಯುವುದುಂಟು. ಅನುಭವಿ ಶುಶ್ರೂಷಕಿಯರು ಅದನ್ನು ತೆಗೆದು ಆಕೆಯ ಕೈಯಲ್ಲಿಯೇ ಇಟ್ಟು, ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ತಕರಾರು ಅಲ್ಲಿಗೆ ನಿಲ್ಲುತ್ತದೆ.

ಸುಟ್ಟ ಪ್ರಕರಣಗಳಲ್ಲಿ ತಾವು ಗುರುತಿಟ್ಟುಕೊಳ್ಳಬೇಕಾದ ಇನ್ನೊಂದು ಸಂಗತಿ ಸಮಯ. ದೊಡ್ಡವರಿಗೆ ಮೈಯ ಶೇ. 20ಕ್ಕಿಂತ ಹೆಚ್ಚು ಭಾಗ ಸುಟ್ಟರೆ ರಕ್ತನಾಳಗಳಿಂದ ನೀರಿನಂಶ ಸೋರಿಹೋಗುತ್ತದೆ. ಅದನ್ನು ಡ್ರಿಪ್ ಮೂಲಕ ತುಂಬಬೇಕು. ಲೆಕ್ಕಕ್ಕೊಂದು ಸೂತ್ರವಿದೆ: ದೇಹದ ತೂಕ, ಸುಟ್ಟ ಶೇಕಡಾ ಪ್ರಮಾಣ, ನಾಲ್ಕು, ಈ ಮೂರನ್ನು ಗುಣಿಸಿದರೆ ಬರುವಷ್ಟು ಮಿಲಿಲೀಟರ್. 50 ಕಿಲೋ ತೂಕದ ಮಹಿಳೆಗೆ ಶೇ. 30 ಸುಟ್ಟಿದ್ದರೆ 24 ಗಂಟೆಗೆ 6 ಲೀಟರ್. ಅದರಲ್ಲಿ ಅರ್ಧ, ಅಂದರೆ 3 ಲೀಟರ್, ಮೊದಲ 8 ಗಂಟೆಗಳಲ್ಲಿ ಹೋಗಬೇಕು. ಈ 8 ಗಂಟೆಗಳ ಎಣಿಕೆ ಶುರುವಾಗುವುದು ಆಸ್ಪತ್ರೆಗೆ ಬಂದ ಹೊತ್ತಿನಿಂದಲ್ಲ, ಸುಟ್ಟ ಹೊತ್ತಿನಿಂದ. ಎರಡು ಗಂಟೆ ಊರಲ್ಲಿಯೇ ಮಾತುಕತೆಯಲ್ಲಿ ಕಳೆದರೆ ಶುಶ್ರೂಷಕಿಗೆ ಉಳಿಯುವುದು ಆರೇ ಗಂಟೆ. ಘಟನೆಯ ವೇಳೆಯನ್ನು ಚೀಟಿಯಲ್ಲಿ ಬರೆದು ಕೈಗೆ ಕೊಟ್ಟರೆ ಅದು ಸಣ್ಣ ಉಪಕಾರವಲ್ಲ.

ಕೀಟನಾಶಕ ಕುಡಿದವರನ್ನೂ ಈ ಲೇಖನದಲ್ಲಿ ಸೇರಿಸಲು ಕಾರಣವಿದೆ. ಏಟು ತಾಳಲಾರದೆ ಹೊಲದ ಔಷಧಿಯ ಡಬ್ಬಿಗೆ ಕೈಹಾಕುವವರನ್ನು ನಾವೆಲ್ಲರೂ ಕಂಡಿದ್ದೇವೆ. ಉಪ್ಪುನೀರು, ಹುಣಸೆನೀರು ಕುಡಿಸಿ ವಾಂತಿ ಮಾಡಿಸಬಾರದು. ವಾಂತಿ ಶ್ವಾಸಕೋಶಕ್ಕೆ ಇಳಿದು ಇನ್ನೊಂದು ಅಪಾಯವಾಗುತ್ತದೆ. ಎಡಮಗ್ಗುಲಿಗೆ ಮಲಗಿಸಿ, ಔಷಧಿ ತಗುಲಿದ ಬಟ್ಟೆ ತೆಗೆದು, ಕೈಗೆ ಪ್ಲಾಸ್ಟಿಕ್ ಚೀಲವನ್ನಾದರೂ ಸುತ್ತಿಕೊಂಡು ಮೈಯನ್ನು ಸೋಪಿನಿಂದ ತೊಳೆಯಬೇಕು. ಡಬ್ಬಿಯನ್ನು ತಪ್ಪದೆ ಒಯ್ಯಬೇಕು. ಯಾವ ವಿಷವೆಂದು ತಿಳಿದರೆ ಯಾವ ಮದ್ದೆಂದು ತಿಳಿಯುತ್ತದೆ. ಪೊಲೀಸ್ ಕೇಸಾಗುತ್ತದೆಂಬ ಭಯದಿಂದ ಅಡಗಿಸುವುದು ಅನಾವಶ್ಯಕ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದು ಭಾವಿಸತಕ್ಕದ್ದು, ಅವರನ್ನು ಶಿಕ್ಷೆಗೆ ಗುರಿಪಡಿಸತಕ್ಕದ್ದಲ್ಲ ಎಂದು 2017ರ ಮಾನಸಿಕ ಆರೋಗ್ಯ ರಕ್ಷಣೆ ಅಧಿನಿಯಮದ 115ನೇ ಪ್ರಕರಣ ಹೇಳುತ್ತದೆ.

ಗರ್ಭಿಣಿಯ ಹೊಟ್ಟೆಗೆ ಒದೆ ಬಿದ್ದಿದ್ದರೆ, ರಕ್ತಸ್ರಾವ ಕಾಣದಿದ್ದರೂ, ಮಾಸು ಗರ್ಭಕೋಶದಿಂದ ಬಿಡಿಸಿಕೊಳ್ಳುವ ಅಪಾಯವಿದೆ. ರಕ್ತ ಒಳಗೇ ನಿಲ್ಲಬಹುದು. ಎಡಮಗ್ಗುಲಿಗೆ ಮಲಗಿಸಿ ಕರೆದೊಯ್ಯಬೇಕು. ಐದು ತಿಂಗಳು ತುಂಬಿದ್ದರೆ ಕನಿಷ್ಠ 4 ಗಂಟೆ ಮಗುವಿನ ಹೃದಯಬಡಿತವನ್ನು ಗಮನಿಸುತ್ತಾರೆ. "ಎಲ್ಲಾ ಸರಿಯಿದೆ, ಮನೆಗೆ ಹೋಗೋಣ" ಎಂದು ಅವಸರಿಸಬಾರದು. ತಾಯಿ ಕಾರ್ಡ್ ಒಯ್ಯಿರಿ. ಅದರಲ್ಲಿ ರಕ್ತದ ಗುಂಪು ಇರುತ್ತದೆ; ನೆಗೆಟಿವ್ ಗುಂಪಿನವರಿಗೆ 72 ಗಂಟೆಯೊಳಗೆ ಒಂದು ಚುಚ್ಚುಮದ್ದು ಬೇಕಾಗಬಹುದು.

ತಲೆಗೆ ಪೆಟ್ಟಾದವರು ಪದೇಪದೇ ವಾಂತಿ ಮಾಡಿದರೆ, ಎಬ್ಬಿಸಿದರೂ ತೂಕಡಿಸಿದರೆ, ಮಾತು ತೊದಲಿದರೆ ಕೂಡಲೇ 108ಕ್ಕೆ ಕರೆ ಮಾಡಬೇಕೆಂಬುದು ತಮಗೆ ತಿಳಿದೇ ಇದೆ.

ತೆರೆಯ ಒಳಗೆ, ತೆರೆಯ ಹೊರಗೆ

ಆಸ್ಪತ್ರೆಯಲ್ಲಿ ಶುಶ್ರೂಷಕಿ ಮೊದಲು ನೋಡುವುದು ಉಸಿರು, ನಾಡಿ, ರಕ್ತಸ್ರಾವ, ಪ್ರಜ್ಞೆ. ಇದು ಎಲ್ಲ ಗಾಯಾಳುಗಳಿಗೂ ಸಮಾನ. ಕೌಟುಂಬಿಕ ಹಿಂಸೆಯ ಪ್ರಕರಣದಲ್ಲಿ ಇದರ ಬೆನ್ನಿಗೇ ಇನ್ನೊಂದು ಕೆಲಸವಿದೆ: ಆಕೆಯನ್ನು ಒಂಟಿಯಾಗಿ ಮಾತನಾಡಿಸುವುದು. ಗಾಯ ಮಾಡಿದವನೇ ಅನೇಕ ಸಲ ಪಕ್ಕದಲ್ಲಿ ನಿಂತಿರುತ್ತಾನೆ. ಅತ್ಯಂತ ಕಾಳಜಿಯಿಂದ ನೀರು ಕುಡಿಸುತ್ತಿರುತ್ತಾನೆ. ಕೇಳಿದ ಪ್ರಶ್ನೆಗೆಲ್ಲ ಅವನೇ ಉತ್ತರಿಸುತ್ತಾನೆ. ಮೆಟ್ಟಿಲಿಂದ ಬಿದ್ದಳು, ಹಸು ಹಾಯಿತು, ಸ್ಟೌ ಸಿಡಿಯಿತು. ಬಿದ್ದವರಿಗೆ ಸಾಮಾನ್ಯವಾಗಿ ಮೊಣಕೈ, ಮೊಣಕಾಲು, ಅಂಗೈ ತರಚಿರುತ್ತವೆ. ಹೊಡೆತ ತಡೆಯಲು ಕೈ ಅಡ್ಡ ಹಿಡಿದವರಿಗೆ ಮುಂಗೈಯ ಹೊರಬದಿಯಲ್ಲಿ ಬಾಸುಂಡೆಗಳಿರುತ್ತವೆ. ಸೀರೆ, ರವಿಕೆ ಮುಚ್ಚುವ ಜಾಗದಲ್ಲೇ ಗಾಯಗಳಿರುವುದು, ಹಳೆಯದೂ ಹೊಸದೂ ಒಟ್ಟಿಗಿರುವುದು ಶುಶ್ರೂಷಕಿಯ ಕಣ್ಣಿಗೆ ಬೀಳುತ್ತದೆ. ಹೇಳಿದ ಕಥೆಗೂ ಕಂಡ ಗಾಯಕ್ಕೂ ತಾಳೆಯಾಗದಿದ್ದರೆ ಕೇಳಲೇಬೇಕು.

ಕೇಳುವುದಕ್ಕೂ ಒಂದು ರೀತಿಯಿದೆ. "ನಿನ್ನ ಗಂಡ ಹೊಡೆದನಾ?" ಎಂದು ಎಲ್ಲರೆದುರು ಕೇಳಿದರೆ ಇಲ್ಲವೆಂಬ ಉತ್ತರ ಖಚಿತ. "ಇಂತಹ ಗಾಯ ಆದವರನ್ನೆಲ್ಲ ನಾವು ಇದೊಂದು ಕೇಳುತ್ತೇವಮ್ಮಾ. ಮನೆಯಲ್ಲಿ ಯಾರಾದರೂ ಕೈ ಮಾಡಿದರಾ?" ಎಂದರೆ ಹೇಳಲು ದಾರಿಯಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2014ರ ತನ್ನ ಕೈಪಿಡಿಯಲ್ಲಿ ಈ ಮೊದಲ ಆಸರೆಯ ಕ್ರಮವನ್ನು ಹೇಳಿದೆ: ಆಕೆಯ ಮಾತನ್ನು ಕೇಳುವುದು, ಈಗ ಏನು ಬೇಕೆಂದು ವಿಚಾರಿಸುವುದು, ಆಕೆಯನ್ನು ನಂಬಿದ್ದೇವೆಂದೂ ತಪ್ಪು ಆಕೆಯದಲ್ಲವೆಂದೂ ತಿಳಿಸುವುದು, ಸುರಕ್ಷತೆಯ ಬಗ್ಗೆ ಯೋಚಿಸುವುದು, ಮುಂದಿನ ನೆರವಿಗೆ ಜೋಡಿಸುವುದು. ಒತ್ತಾಯಿಸಿ ಹೇಳಿಸುವುದು ಇದರಲ್ಲಿಲ್ಲ. ಮುಂಬಯಿಯ ಬಾಂದ್ರಾದ ಭಾಭಾ ಪುರಸಭಾ ಆಸ್ಪತ್ರೆಯಲ್ಲಿ ಈ ಶತಮಾನದ ಆರಂಭದಲ್ಲಿ ಶುರುವಾದ ‘ದಿಲಾಸಾ’ ಕೇಂದ್ರ ಶುಶ್ರೂಷಕಿಯರಿಗೂ ಇತರ ಸಿಬ್ಬಂದಿಗೂ ತರಬೇತಿ ಕೊಟ್ಟು ಇದೇ ಕೆಲಸವನ್ನು ಆಸ್ಪತ್ರೆಯ ದಿನನಿತ್ಯದ ಭಾಗವಾಗಿಸಿತು. ಇದಕ್ಕೆ ಬೇಕಾದದ್ದು ಯಂತ್ರೋಪಕರಣವಲ್ಲ. ಒಂದು ತೆರೆ ಮತ್ತು ಹತ್ತು ನಿಮಿಷದ ಏಕಾಂತ.

ಆ ಏಕಾಂತವನ್ನು ಒದಗಿಸಿಕೊಡುವುದು ಸದಸ್ಯರಿಂದ ಸಾಧ್ಯವಾಗುವ ಬಹು ದೊಡ್ಡ ಕೆಲಸವೆಂದು ನನ್ನ ಅನಿಸಿಕೆ. ಪ್ರಾಥಮಿಕ ಆರೋಗ್ಯ ಕೇಂದ್ರದ ಶುಶ್ರೂಷಕಿ ಅದೇ ಊರಿನಲ್ಲಿ ಬಾಡಿಗೆಗಿರುವವರು. ರಾತ್ರಿ ಪಾಳಿಯಲ್ಲಿ ಒಂಟಿಯಾಗಿ ಇರುವವರು. ಊರಿನ ನಾಲ್ಕು ಜನ ಪ್ರಮುಖರು ಹಾಸಿಗೆಯ ಸುತ್ತ ನಿಂತಿರುವಾಗ "ಹೊರಗೆ ಹೋಗಿ" ಎನ್ನುವುದು ಅವರಿಗೆ ಸುಲಭವಲ್ಲ. ಸದಸ್ಯರೇ ಮೊದಲು ಹೊರಗೆ ಬಂದರೆ ಉಳಿದವರೂ ಬರುತ್ತಾರೆ. ಗಂಡನನ್ನು ಚೀಟಿ ಮಾಡಿಸಲು, ಇಲ್ಲವೇ ಚಹಾ ಕುಡಿಯಲು ಕರೆದೊಯ್ದರೆ ಒಳಗಿನ ಕೆಲಸ ನಡೆಯುತ್ತದೆ. ಮಹಿಳಾ ಸದಸ್ಯರು ಒಳಗೆ ಇರಬೇಕೇ ಬೇಡವೇ ಎಂಬುದನ್ನೂ ಗಾಯಗೊಂಡಾಕೆಯೇ ಹೇಳಲಿ.

ಇಟ್ಟಿಗೆ ಭಟ್ಟಿ, ಕಾಫಿ ತೋಟ, ಕಟ್ಟಡ ಕಾಮಗಾರಿಗಳಿಗೆ ಹೊರರಾಜ್ಯಗಳಿಂದ ಬಂದ ಕುಟುಂಬಗಳಲ್ಲಿ ಮತ್ತೊಂದು ತೊಡಕಿದೆ. ಆಕೆಗೆ ಕನ್ನಡ ಬಾರದು, ಗಂಡನಿಗೆ ಅಷ್ಟಿಷ್ಟು ಬರುತ್ತದೆ. ಅವನ ಬಾಯಿಂದ ಆಕೆಯ ಮಾತನ್ನು ಕೇಳಬಾರದು, ಮಕ್ಕಳಿಂದಲೂ ಹೇಳಿಸಬಾರದು. ಆ ಭಾಷೆ ಬಲ್ಲ ಬೇರೆ ಹೆಂಗಸೊಬ್ಬರನ್ನು ಹುಡುಕಿಕೊಡುವುದು ಪಂಚಾಯತಿಗೆ ಕಷ್ಟವಾಗದು.

ಬರೆದದ್ದೇ ಉಳಿಯುತ್ತದೆ

ಕಾಮಗಾರಿಗಳ ಅಳತೆ ಪುಸ್ತಕ, ಅಂದರೆ ಎಂ.ಬಿ., ಸದಸ್ಯರಿಗೆಲ್ಲ ಪರಿಚಿತ. ಕಾಂಕ್ರೀಟು ಸುರಿಯುವ ಮುನ್ನ ಕಬ್ಬಿಣದ ಅಳತೆ ದಾಖಲಾಗದಿದ್ದರೆ ಆಮೇಲೆ ಒಳಗೆ ಎಷ್ಟು ಕಬ್ಬಿಣ ಇತ್ತೆಂದು ಯಾರೂ ಹೇಳಲಾರರು. ಗಾಯವೂ ಹಾಗೆಯೇ. ವಾರದಲ್ಲಿ ಬಾವು ಇಳಿಯುತ್ತದೆ, ಮೂರು ವಾರದಲ್ಲಿ ಬಾಸುಂಡೆ ಮಾಯುತ್ತದೆ. ನ್ಯಾಯಾಲಯ ಕೇಳುವ ಹೊತ್ತಿಗೆ ಮೈಯಲ್ಲಿ ಏನೂ ಉಳಿದಿರುವುದಿಲ್ಲ. ಕೇಸ್ ಶೀಟಿನಲ್ಲಿ ಬರೆದದ್ದು ಮಾತ್ರ ಉಳಿದಿರುತ್ತದೆ.

ಆದುದರಿಂದ ಶುಶ್ರೂಷಕಿ ಮತ್ತು ವೈದ್ಯರು ಗಾಯದ ಜಾಗ, ಉದ್ದಗಲ, ಬಣ್ಣ, ಆಕಾರಗಳನ್ನು ಬರೆದು ದೇಹದ ನಕ್ಷೆಯಲ್ಲಿ ಗುರುತಿಸುತ್ತಾರೆ. ಯಾರು, ಯಾವಾಗ, ಯಾವುದರಿಂದ ಎಂಬುದನ್ನು ಆಕೆಯದೇ ಮಾತಿನಲ್ಲಿ ಬರೆಯುತ್ತಾರೆ. "ಹಲ್ಲೆಯೆಂದು ಹೇಳಲಾಗಿದೆ" ಎಂಬ ಒಣ ವಾಕ್ಯಕ್ಕೂ "ಸೌದೆಯಿಂದ ಗಂಡ ಬೆನ್ನಿಗೆ ಮೂರು ಸಲ ಹೊಡೆದನೆಂದು ಹೇಳುತ್ತಾರೆ" ಎಂಬುದಕ್ಕೂ ಬಹಳ ಅಂತರವಿದೆ. ಒಪ್ಪಿಗೆ ಪಡೆದು ಆಸ್ಪತ್ರೆಯವರು ಛಾಯಾಚಿತ್ರ ತೆಗೆಯಬಹುದು. ರಕ್ತ ಅಥವಾ ಸೀಮೆಎಣ್ಣೆ ತಗುಲಿದ ಬಟ್ಟೆಯನ್ನು ಒಗೆಯದೆ, ಒಣಗಿಸಿ, ಕಾಗದದ ಲಕೋಟೆಯಲ್ಲಿ ಇರಿಸಬೇಕು. ಪ್ಲಾಸ್ಟಿಕ್ಕಿನಲ್ಲಿ ತೇವ ಉಳಿದು ಕೊಳೆಯುತ್ತದೆ.

ಊರ ಮರ್ಯಾದೆಯ ಹೆಸರಿನಲ್ಲಿ "ಬಿದ್ದು ಗಾಯವಾಯಿತೆಂದು ಬರೆದುಬಿಡಿ ಸಿಸ್ಟರ್" ಎಂದು ನಾವು ಹೇಳುವ ಒಂದು ಮಾತು ಇಷ್ಟನ್ನೂ ಅಳಿಸಿಬಿಡುತ್ತದೆ. ಮೇಲೆ ಹೇಳಿದ ಮಹಿಳೆಗೆ ಮುಂದೆ ಗಂಡನ ಮನೆಯಲ್ಲಿಯೇ ವಾಸದ ಹಕ್ಕಿನ ಆದೇಶ ದೊರೆತದ್ದು ಆ ರಾತ್ರಿ ಪಾಳಿಯ ಶುಶ್ರೂಷಕಿ ಬರೆದಿಟ್ಟ ಎಂಟು ಸಾಲುಗಳ ಆಧಾರದ ಮೇಲೆ. ನಮ್ಮ ಕಡತದ ಮುಚ್ಚಳಿಕೆಯನ್ನು ಅಲ್ಲಿ ಯಾರೂ ಕೇಳಲಿಲ್ಲ.

ವೈದ್ಯಕೀಯ-ಕಾನೂನು ಪ್ರಕರಣವೆಂದು ನೋಂದಾಯಿಸುವುದು ವೈದ್ಯರ ಕರ್ತವ್ಯ. ಗಂಡನ ವಿರುದ್ಧ ದೂರು ಕೊಡುವುದು, ಬಿಡುವುದು ಆಕೆಯ ನಿರ್ಧಾರ. ಈ ಎರಡನ್ನು ಬೆರೆಸಿ ಹೆದರಿಸಬಾರದು; ದೂರು ಕೊಡದಿದ್ದರೂ ಚಿಕಿತ್ಸೆ, ದಾಖಲೆ ಎರಡೂ ಆಗಲೇಬೇಕು. ತೀವ್ರವಾಗಿ ಸುಟ್ಟವರು ಆಂಬ್ಯುಲೆನ್ಸಿನಲ್ಲಿ ತಮ್ಮೊಡನೆ ಏನಾದರೂ ಹೇಳಿದರೆ ಅದೇ ಮಾತನ್ನು, ಸಮಯದೊಂದಿಗೆ, ಅಂದೇ ಬರೆದಿಟ್ಟುಕೊಳ್ಳಿ. ಆಕೆ ಉಳಿಯದಿದ್ದರೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 26ನೇ ಪ್ರಕರಣದನ್ವಯ ಸಾವಿನ ಕಾರಣದ ಕುರಿತ ಆ ಮಾತಿಗೆ ಸಾಕ್ಷ್ಯದ ಬೆಲೆಯಿದೆ.

ಲೈಂಗಿಕ ಹಿಂಸೆಯೂ ನಡೆದಿದ್ದರೆ 72 ಗಂಟೆಗಳ ಒಂದು ಗಡುವು ನೆನಪಿರಲಿ. ಎಚ್.ಐ.ವಿ. ತಡೆಯುವ ಔಷಧಿಯನ್ನು ಅಷ್ಟರೊಳಗೆ ಆರಂಭಿಸಬೇಕು, ಬೇಗನೆ ಆದಷ್ಟೂ ಒಳ್ಳೆಯದು. ತುರ್ತು ಗರ್ಭನಿರೋಧಕ ಮಾತ್ರೆಗೂ ಇದೇ ಮಾತು. ಇಂತಹ ಹಿಂಸೆ ಗಂಡನಿಂದಲೇ ಆಗಿದ್ದರೂ ಶುಶ್ರೂಷೆಯಲ್ಲಿ ವ್ಯತ್ಯಾಸವಿಲ್ಲ. ಕನ್ಯತ್ವ ಪರೀಕ್ಷೆಯ ಹೆಸರಿನ ಎರಡು ಬೆರಳಿನ ಪರೀಕ್ಷೆಯನ್ನು ಕೇಂದ್ರ ಆರೋಗ್ಯ ಸಚಿವಾಲಯದ 2014ರ ಮಾರ್ಗಸೂಚಿ ನಿಷೇಧಿಸಿದೆ. 2022ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮತ್ತೊಮ್ಮೆ ಖಂಡಿಸಿದೆ. ಆಕೆ 18 ವರ್ಷದೊಳಗಿನವಳಾಗಿದ್ದರೆ, ಮದುವೆಯಾಗಿದ್ದರೂ, ಪೋಕ್ಸೋ ಅಧಿನಿಯಮದನ್ವಯ ಪೊಲೀಸರಿಗೆ ತಿಳಿಸುವುದು ಕಡ್ಡಾಯ; ಮುಚ್ಚಿಟ್ಟವರೂ ಶಿಕ್ಷಾರ್ಹರು.

ಛಾಯಾಚಿತ್ರದ ವಿಷಯ ಬಂದುದರಿಂದ ಒಂದು ಮಾತು. ಗಾಯದ ಚಿತ್ರಗಳನ್ನು ವಾರ್ಡಿನ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವ ಅಭ್ಯಾಸ, ಸದುದ್ದೇಶದಿಂದಲೇ ಇರಲಿ, ನಿಲ್ಲಬೇಕು. ಅತ್ಯಾಚಾರಕ್ಕೊಳಗಾದವರ ಗುರುತನ್ನು ಬಹಿರಂಗಪಡಿಸುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಪ್ರಕರಣದನ್ವಯ ಎರಡು ವರ್ಷದವರೆಗೆ ಶಿಕ್ಷೆಯಾಗುವ ಅಪರಾಧ.

ಮನೆಗೆ ಕಳುಹಿಸುವ ಮುನ್ನ

ಗಾಯಕ್ಕೆ ಪಟ್ಟಿ ಕಟ್ಟಿದ ಮೇಲೆ ಆಕೆ ಹೋಗುವುದೆಲ್ಲಿಗೆ? ಶುಶ್ರೂಷೆಯ ಕಡೆಯ ಪ್ರಶ್ನೆ ಇದು. ನನಗೆ ತಿಳಿದಂತೆ ಅತ್ಯಂತ ಕಷ್ಟದ ಪ್ರಶ್ನೆಯೂ ಇದೇ. ಅಪಾಯವನ್ನು ಅಳೆಯಲು ವಿಶ್ವ ಆರೋಗ್ಯ ಸಂಸ್ಥೆಯ ಕೈಪಿಡಿ ಕೆಲವು ಪ್ರಶ್ನೆಗಳನ್ನು ಸೂಚಿಸುತ್ತದೆ. ಕಳೆದ ಆರು ತಿಂಗಳಲ್ಲಿ ಹೊಡೆತ ಹೆಚ್ಚಾಗಿದೆಯೇ? ಆಯುಧ ತೋರಿಸಿ ಹೆದರಿಸಿದ್ದಾನೆಯೇ? ಕುತ್ತಿಗೆ ಹಿಸುಕಲು ಯತ್ನಿಸಿದ್ದಾನೆಯೇ? ಬಸುರಿಯಾಗಿದ್ದಾಗ ಹೊಡೆದಿದ್ದಾನೆಯೇ? ಸದಾ ಶಂಕಿಸಿ ಮೇಲೆ ಬೀಳುತ್ತಾನೆಯೇ? ಕೊಂದೇಬಿಡುತ್ತಾನೆಂದು ನಿನಗನ್ನಿಸುತ್ತದೆಯೇ? ಮೂರಕ್ಕೆ ಹೌದೆಂದರೆ ಅಪಾಯ ಹತ್ತಿರವಿದೆಯೆಂದು ತಿಳಿಯಬೇಕು. ಹಿಂದೊಮ್ಮೆ ಕುತ್ತಿಗೆ ಹಿಸುಕಿಸಿಕೊಂಡ ಮಹಿಳೆಯರು ಅದೇ ಗಂಡಸಿನ ಕೈಯಲ್ಲಿ ಕೊಲೆಯಾಗುವ ಸಂಭವ ಏಳು ಪಟ್ಟಿಗೂ ಹೆಚ್ಚೆಂದು ಅಮೆರಿಕದಲ್ಲಿ 2008ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಇಂತಹ ಸ್ಥಿತಿಯಲ್ಲಿ "ಹೇಗಾದರೂ ಹೊಂದಿಕೊಂಡು ಹೋಗಮ್ಮಾ" ಎಂಬ ಸಲಹೆ ಆಕೆಯ ಜೀವಕ್ಕೆ ಎರವಾದೀತು.

ಆಕೆ ಮನೆಗೇ ಹಿಂದಿರುಗಲು ಬಯಸಿದರೆ ಅದನ್ನು ಮೂರ್ಖತನವೆಂದು ಜರಿಯಬಾರದು. ಮಕ್ಕಳು, ಕುರಿ, ಕೂಲಿ, ನೂರು ಕಾರಣಗಳಿರುತ್ತವೆ. ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪುಸ್ತಕಗಳ ಪ್ರತಿಯನ್ನು ನಂಬಿಕೆಯವರಲ್ಲಿ ಇಡುವಂತೆ, ಗಲಾಟೆ ಶುರುವಾದಾಗ ಅಡುಗೆಮನೆ ಬಿಟ್ಟು ಹೊರಬಾಗಿಲ ಕಡೆ ಇರುವಂತೆ ಶುಶ್ರೂಷಕಿಯರು ತಿಳಿಹೇಳುತ್ತಾರೆ. ಮರುದಿನ ಆಶಾ ಕಾರ್ಯಕರ್ತೆ ಗಾಯ ನೋಡುವ ನೆಪದಲ್ಲಿ ಮನೆಗೆ ಹೋಗಬಹುದು. ಆ ನೆಪವನ್ನು ಬಹಿರಂಗಪಡಿಸದೆ ಕಾಪಾಡುವುದು ನಮ್ಮ ಪಾಲಿನ ಕೆಲಸ.

ಕಾನೂನಿನ ಬಲವೂ ಇದೆ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣೆ ಅಧಿನಿಯಮ, 2005ರ 7ನೇ ಪ್ರಕರಣದ ಪ್ರಕಾರ ಕೋರಿಕೆ ಬಂದಲ್ಲಿ ವೈದ್ಯಕೀಯ ಸಂಸ್ಥೆಯು ಚಿಕಿತ್ಸೆ ನೀಡತಕ್ಕದ್ದು. 2006ರ ನಿಯಮಗಳ 17ನೇ ನಿಯಮವು ಇನ್ನೂ ಸ್ಪಷ್ಟವಾಗಿದೆ: ಕೌಟುಂಬಿಕ ಘಟನಾ ವರದಿ ಆಗಿಲ್ಲವೆಂಬ ಕಾರಣಕ್ಕೆ ಚಿಕಿತ್ಸೆ ನಿರಾಕರಿಸುವಂತಿಲ್ಲ, ಆಗಿರದಿದ್ದರೆ ಆಸ್ಪತ್ರೆಯ ಮುಖ್ಯಸ್ಥರೇ ನಮೂನೆ 1ನ್ನು ಭರ್ತಿ ಮಾಡಿ ಸಂರಕ್ಷಣಾಧಿಕಾರಿಗೆ ಕಳುಹಿಸಬೇಕು, ವೈದ್ಯಕೀಯ ಪರೀಕ್ಷಾ ವರದಿಯ ಪ್ರತಿಯನ್ನು ಆಕೆಗೆ ಉಚಿತವಾಗಿ ಕೊಡಬೇಕು. ಈ ಪ್ರತಿಯನ್ನು ಕೇಳಿ ಪಡೆಯುವವರು ತೀರ ಕಡಿಮೆ. ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಸಂರಕ್ಷಣಾಧಿಕಾರಿಗಳು. 4ನೇ ಪ್ರಕರಣದಂತೆ ಹಿಂಸೆ ನಡೆದಿದೆಯೆಂದು ನಂಬಲು ಕಾರಣವಿರುವ ಯಾರು ಬೇಕಾದರೂ ಅವರಿಗೆ ತಿಳಿಸಬಹುದು. ಸದ್ಭಾವನೆಯಿಂದ ತಿಳಿಸಿದವರ ಮೇಲೆ ಹೊಣೆ ಬರುವುದಿಲ್ಲ. ಅತ್ಯಾಚಾರ, ಆಸಿಡ್ ದಾಳಿಗೊಳಗಾದವರಿಗೆ ಖಾಸಗಿ ಆಸ್ಪತ್ರೆಯೂ ತಕ್ಷಣ ಉಚಿತ ಚಿಕಿತ್ಸೆ ನೀಡಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 397ನೇ ಪ್ರಕರಣ ವಿಧಿಸುತ್ತದೆ. ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ಉಚಿತ ಕಾನೂನು ನೆರವಿನ ಹಕ್ಕಿದೆ.

ನಮ್ಮ ಪಂಚಾಯತಿಯಲ್ಲಿ ಸಾಮಾಜಿಕ ನ್ಯಾಯ ಸಮಿತಿಯ ಸಭೆಗೆ ಆರೋಗ್ಯ ಕೇಂದ್ರದ ಶುಶ್ರೂಷಣಾಧಿಕಾರಿಯವರನ್ನು ಒಮ್ಮೆ ಆಹ್ವಾನಿಸಿದೆವು. ಅವರು ಕೇಳಿದ್ದು ಎರಡೇ: ಪರೀಕ್ಷಾ ಮೇಜಿನ ಸುತ್ತ ಎಳೆಯಲು ಒಂದು ದಪ್ಪ ತೆರೆ, ಮತ್ತು ರಾತ್ರಿ ಹೊತ್ತು ಜಗಲಿಯಲ್ಲಿ ಉರಿಯುವ ಒಂದು ದೀಪ. ಎರಡೂ ಆಗಿವೆ. ಮಹಿಳಾ ಗ್ರಾಮಸಭೆಯ ನಂತರ ಅಂಗನವಾಡಿಗಳ ಗೋಡೆಯ ಮೇಲೆ 112, 108, ಮಹಿಳಾ ಸಹಾಯವಾಣಿ 181, ಕಾನೂನು ನೆರವಿನ 15100, ಜಿಲ್ಲೆಯ ‘ಸಖಿ’ ಕೇಂದ್ರ ಮತ್ತು ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಕಚೇರಿಯ ದೂರವಾಣಿ ಸಂಖ್ಯೆಗಳನ್ನು ಬರೆಸಿದ್ದೇವೆ. ಗಂಡಸರು ಓದಿ ಅಳಿಸುವ ಜಾಗದಲ್ಲಿ ಬೇಡ, ಒಳಗೋಡೆಯ ಮೇಲಿರಲಿ ಎಂದದ್ದು ಮೊದಲ ಪ್ರಶ್ನೆಗೆ ಉತ್ತರ ಕೊಟ್ಟ ಅದೇ ಸದಸ್ಯೆ. ರಾತ್ರಿ ತೆರೆದಿರುವ ಹತ್ತಿರದ ಆಸ್ಪತ್ರೆಯ ಹೆಸರನ್ನೂ ಅದರ ಕೆಳಗೆ ಬರೆಯಬೇಕು. ಬರೆಯುವ ಮುನ್ನ ಸದಸ್ಯರೊಬ್ಬರು ರಾತ್ರಿ ಹನ್ನೊಂದರ ಮೇಲೆ ಖುದ್ದಾಗಿ ಹೋಗಿ ನೋಡಿಬರುವುದು ಒಳ್ಳೆಯದು. ನಾವು ವಿಚಾರಿಸದೆ ಬರೆಸಿದ್ದ ಮೊದಲ ಹೆಸರನ್ನು ಸುಣ್ಣ ಬಳಿದು ಅಳಿಸಬೇಕಾಯಿತು.